ಹೆಸರು ನೋಡಿ ಕೋರ್ಸಿಗೆ ಸೇರಬೇಡಿ

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ಪ್ಲಸ್ ಟು ಕಾಮರ್ಸ್. ಊರಿನ ಬಯಲಾಟಕ್ಕೆ ಮೊಬೈಲಲ್ಲೇ ಹ್ಯಾಂಡ್‌ಬಿಲ್ ಮಾಡಿ ಕೊಡುತ್ತೇನೆ. ಅದರಲ್ಲಿ ಫಳಫಳ ಹೊಳೆಯುವ ಹಸಿರು ಪ್ರೆಸ್ಸಿನಿಂದ ಬರುವಾಗ ಮಂಕಾಗಿರುತ್ತದೆ. ಇದನ್ನೇ ಓದಬೇಕೆಂದು ಆಸೆ. ಮಂಗಳೂರಿನಲ್ಲಿ ಬಿಎಸ್ಸಿ ಇಮೇಜಿಂಗ್ ಟೆಕ್ನಾಲಜಿ ಇದೆಯಂತೆ, ಸೇರಬಹುದಾ?

ಉತ್ತರ: ಸ್ವಲ್ಪ ತಡೆಯಿರಿ. ಮಂಗಳೂರಿನ ಕಾಲೇಜುಗಳಲ್ಲಿ ಆ ಹೆಸರಲ್ಲಿ ಸಿಗುವುದು ಸಾಮಾನ್ಯವಾಗಿ ಮೆಡಿಕಲ್ ಇಮೇಜಿಂಗ್, ಅಂದರೆ ಎಕ್ಸ್‌ರೇ, ಸಿಟಿ, ಎಂಆರ್‌ಐ ತೆಗೆಯುವ ಕೆಲಸ. ಒಳ್ಳೆಯ ಕೋರ್ಸೇ, ಆದರೆ ಅದಕ್ಕೆ ಸೈನ್ಸ್ ಓದಿರಬೇಕು, ನಿಮ್ಮ ಹ್ಯಾಂಡ್‌ಬಿಲ್‌ಗೂ ಅದಕ್ಕೂ ಸಂಬಂಧ ಇಲ್ಲ.

ಇನ್ನೊಂದು ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಕಲಾ ಕಾಲೇಜಿನಲ್ಲಿ 'ಗ್ರಾಫಿಕ್ಸ್' ಅಂದರೆ ಮರದ ಅಚ್ಚು, ಎಚಿಂಗ್ (ಲೋಹದ ತಗಡಿನ ಅಚ್ಚು) ಮುಂತಾದ ಮುದ್ರಣ ಕಲೆ. ನಿಮಗೆ ಬೇಕಾದ್ದು ಅಪ್ಲೈಡ್ ಆರ್ಟ್. ಅದರಲ್ಲಿ ಪೋಸ್ಟರ್, ಪ್ಯಾಕೆಟ್, ಲೋಗೋ, ಅಕ್ಷರ ವಿನ್ಯಾಸ ಎಲ್ಲ ಬರುತ್ತದೆ. 4 ವರ್ಷದ ಪದವಿ, ಕಾಮರ್ಸ್ ಓದಿದವರೂ ಸೇರಬಹುದು. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿದೆ, ಅಲ್ಲಿ ಫೋಟೋಗ್ರಫಿ ವಿಭಾಗವೂ ಇದೆ. ಕೇರಳದಲ್ಲೇ ಓದುವುದಾದರೆ ತಿರುವನಂತಪುರ, ತೃಶೂರಿನ ಸರ್ಕಾರಿ ಕಲಾ ಕಾಲೇಜುಗಳನ್ನು ವಿಚಾರಿಸಿ. ಕರ್ನಾಟಕದ ಕಾಲೇಜಾದರೆ ಗಡಿನಾಡ ಕನ್ನಡಿಗರಿಗೆ ರಿಯಾಯಿತಿ ಇದೆಯಾ ಅಂತ ಮೊದಲೇ ಕೇಳಿ, ಸುಮ್ನೆ ಬಿಡಬೇಡಿ.

ದೊಡ್ಡ ಆಸೆ ಇದ್ದರೆ ಬಿ.ಡಿಸೈನ್, ಅಂದರೆ ವಿನ್ಯಾಸದ ಪದವಿ. ಬಾಂಬೆ, ಗುವಾಹಟಿ, ದೆಹಲಿ, ಹೈದರಾಬಾದ್ ಐಐಟಿಗಳಿಗೆ ಯುಸೀಡ್ ಎಂಬ ಪ್ರವೇಶ ಪರೀಕ್ಷೆ. ಅಕ್ಟೋಬರ್ ಹೊತ್ತಿಗೆ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ಕಾಮರ್ಸ್‌ನವರೂ ಬರೆಯಬಹುದು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ, ಕನ್ನಡ ಮೀಡಿಯಂನವರು ಅದಕ್ಕೇ ಹಿಂದೆ ಸರಿಯುತ್ತಾರೆ. ನೀವು ಸರಿಯಬೇಡಿ. ಒಂದು ಭಾಗದಲ್ಲಿ ಕೈಯಲ್ಲೇ ಚಿತ್ರ ಬರೆಯುವುದಿದೆ, ಅದಕ್ಕೆ ಭಾಷೆಗಿಂತ ಅಭ್ಯಾಸ ಜಾಸ್ತಿ ಬೇಕು.

ಇನ್ನು ಆ ಮಂಕು ಹಸಿರು. ಮೊಬೈಲ್ ಬಣ್ಣ ತೋರಿಸುವುದು ಕೆಂಪು, ಹಸಿರು, ನೀಲಿ ಬೆಳಕಿನಿಂದ. ಪ್ರೆಸ್ಸಿನಲ್ಲಿ ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿ. ಬೆಳಕಿನ ಹೊಳಪು ಶಾಯಿಗೆ ಬರುವುದಿಲ್ಲ ಅಲ್ವಾ, ಹಾಗಾಗಿ ಶುರುವಿನಲ್ಲೇ ಈ ನಾಲ್ಕು ಶಾಯಿಗಳ ಲೆಕ್ಕದ ಸಿಎಂವೈಕೆಯಲ್ಲಿ ಮಾಡಬೇಕು. ಇದರ ಹಿಂದಿನ ಯಂತ್ರ, ಶಾಯಿ, ಕಾಗದವನ್ನೇ ಕಲಿಸುವ ಪ್ರಿಂಟಿಂಗ್ ಟೆಕ್ನಾಲಜಿ ಡಿಪ್ಲೊಮಾ ಶೊರನೂರಿನ ಪಾಲಿಟೆಕ್ನಿಕ್‌ನಲ್ಲಿದೆ. ಚೆನ್ನೈಯ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದರ ಬಿಇ ಇದೆ, ಆದರೆ ಅದಕ್ಕೆ ಗಣಿತ, ಭೌತಶಾಸ್ತ್ರ ಬೇಕು.

ಈಗಲೇ ಮಾಡಬಹುದಾದ ಕೆಲಸ ಒಂದಿದೆ. ಫೋಟೋಶಾಪ್‌ನಲ್ಲಿ 'ಯಕ್ಷಗಾನ' ಅಂತ ಹಾಕಿ ನೋಡಿ. ಹಳೆಯ ಆವೃತ್ತಿಯಲ್ಲಿ ಸೆಟ್ಟಿಂಗ್ ಸರಿಯಿಲ್ಲದಿದ್ದರೆ 'ಕ್ಷ' ಒಡೆದು 'ಕ'ಕಾರ ಒಂದು ಕಡೆ, 'ಷ'ಕಾರ ಒಂದು ಕಡೆ ಬೀಳುತ್ತದೆ. ಟೈಪ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಆಯ್ಕೆ ಹಾಕಿದರೆ ಕೂಡಿಕೊಳ್ಳುತ್ತದೆ. ಒತ್ತಕ್ಷರ ಒಡೆದ ಬ್ಯಾನರ್‌ಗಳನ್ನು ನೋಡುವಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಕನ್ನಡ ಅಕ್ಷರದ ಮೇಲೆ ಕಣ್ಣಿರುವ ಡಿಸೈನರ್‌ಗಳು ನಮ್ಮ ಗಡಿಯಲ್ಲಿ ತುಂಬ ಬೇಕು. ನೀವು ಮಾಡಿದ ಹ್ಯಾಂಡ್‌ಬಿಲ್‌ಗಳಲ್ಲಿ ಒಂದೊಂದು ಪ್ರತಿ ಎತ್ತಿಡಿ, ಸಂದರ್ಶನಕ್ಕೆ ಹೋಗುವಾಗ ಅವೂ ಕೈಯಲ್ಲಿರಲಿ.