ಎಪ್ಪತ್ತೊಂದು ಬಾದಾಮಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಪಥ್ಯದ ಸಲಹೆ ಕೇಳಿ ನನ್ನ ಬಳಿ ಬಂದಿದ್ದ ಆಕೆಗೆ ನಲವತ್ತಾರು ವರ್ಷ, ಕಚೇರಿಯಲ್ಲಿ ಕುಳಿತು ಮಾಡುವ ಕೆಲಸ. ಎರಡು ವರ್ಷಗಳಲ್ಲಿ ಎರಡು ಪಥ್ಯ ಮುಗಿಸಿ ಮೂರನೆಯದಕ್ಕೆ ಬಂದಿದ್ದರು. ಮೊದಲು ಕಾರ್ಬೋಹೈಡ್ರೇಟ್ ತೀರಾ ಕಡಿಮೆ, ಕೊಬ್ಬು ಹೆಚ್ಚು ಇರುವ ಕೀಟೋ, ಆಮೇಲೆ ದಿನಕ್ಕೆ ಹದಿನಾರು ಗಂಟೆಯ ಉಪವಾಸ, ಈಗ ಮಗಳ ಒತ್ತಾಯಕ್ಕೆ ಹಾಲು, ಮೊಟ್ಟೆ, ಮಾಂಸ ಯಾವುದೂ ಇಲ್ಲದ ವೀಗನ್. 74 ಕಿಲೋ ಇದ್ದ ತೂಕ 75 ಆಗಿತ್ತು. "ನೀರು ಕುಡಿದರೂ ಮೈ ಬರುತ್ತದೆ ಮೇಡಂ" ಎಂದರು. ಈ ಮಾತಿಗೆ ನಾನು ನಗುವುದಿಲ್ಲ. ಹೇಳುವವರು ಅದನ್ನು ನಿಜವಾಗಿಯೂ ನಂಬಿರುತ್ತಾರೆ.

ಅವರು ಬರೆದು ತಂದ ಪಟ್ಟಿಯಲ್ಲಿ ಮುದ್ದೆಗೆ, ಪಲ್ಯಕ್ಕೆ, ಎಣ್ಣೆಗೂ ಅಳತೆಯಿತ್ತು. ಬಾದಾಮಿಯ ಮುಂದೆ ಮಾತ್ರ 'ಸ್ವಲ್ಪ' ಎಂದಿತ್ತು. ನನ್ನ ಡಬ್ಬಿಯನ್ನು ಮುಂದಿಟ್ಟು, ದಿನಕ್ಕೆ ತಿನ್ನುವಷ್ಟನ್ನು ತಟ್ಟೆಗೆ ಹಾಕಿ ಎಂದೆ. ರಾತ್ರಿ ನೆನೆಸಿ ಬೆಳಿಗ್ಗೆ ಸಿಪ್ಪೆ ಸುಲಿದು ತಿನ್ನುವ ಹತ್ತು. ಕಚೇರಿಯಲ್ಲಿ ಹತ್ತು ಗಂಟೆಗೊಂದು ಹಿಡಿ, ಸಂಜೆಗೆ ಇನ್ನೊಂದು. ರೊಟ್ಟಿಗೆ ಬೆರೆಸುವ ಬಾದಾಮಿ ಹಿಟ್ಟಿನ ಲೆಕ್ಕಕ್ಕೆ ಮೂವತ್ತು. ಎಣಿಸಿದರೆ 71. ತಕ್ಕಡಿ 85 ಗ್ರಾಂ ತೋರಿಸಿತು. ಸುಮಾರು 490 ಕ್ಯಾಲರಿ, ಹೆಚ್ಚುಕಡಿಮೆ ಒಂದು ಹೊತ್ತಿನ ಊಟ.

"ಬಾದಾಮಿ ತಾನೇ!" ಎಂದರು, ಸ್ವಲ್ಪ ನೊಂದುಕೊಂಡು.

ಪ್ರತಿ ಪಥ್ಯವೂ ಬಾದಾಮಿಗೆ ಒಂದು ನೆಪ ಕೊಟ್ಟಿತ್ತು. 28 ಗ್ರಾಂ, ಅಂದರೆ ಇಪ್ಪತ್ಮೂರು ಬಾದಾಮಿಯಲ್ಲಿ 14 ಗ್ರಾಂ ಕೊಬ್ಬು, 6 ಗ್ರಾಂ ಕಾರ್ಬೋಹೈಡ್ರೇಟ್; ಆ ಆರರಲ್ಲೂ ಅರ್ಧಕ್ಕಿಂತ ಹೆಚ್ಚು ನಾರು. ಕೀಟೋಗೆ ಹೇಳಿ ಮಾಡಿಸಿದಂತಿದೆ. ಆದರೆ ಕೀಟೋ ಬಿಟ್ಟು ಮುದ್ದೆ ಮರಳಿ ಬಂದಾಗ ಬಾದಾಮಿ ಹಿಟ್ಟು ಹೊರಡಲಿಲ್ಲ. ಉಪವಾಸದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಮೊದಲು ಏನೂ ತಿನ್ನಬಾರದು, ಹತ್ತು ಗಂಟೆಯ ಹಿಡಿ ಮಾತ್ರ ಲೆಕ್ಕಕ್ಕೇ ಬರಲಿಲ್ಲ. ವೀಗನ್ ಆದ ಮೇಲೆ ಹಸುವಿನ ಹಾಲಿನ ಜಾಗಕ್ಕೆ ಅಂಗಡಿಯ ಬಾದಾಮಿ ಹಾಲು. ಅದು ಬಹುಪಾಲು ನೀರು, ಲೋಟಕ್ಕೆ ಒಂದು ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು. ಹಾಲು ಬಿಟ್ಟವರಿಗೆ ಕೊರತೆಯಾಗಬಹುದಾದ ವಿಟಮಿನ್ ಬಿ12 ಬಾದಾಮಿಯಲ್ಲಿ ಇಲ್ಲವೇ ಇಲ್ಲ.

ಮುಂದೆ ಆಲಿವ್ ಎಣ್ಣೆ, ತರಕಾರಿ, ಬೀಜಗಳ ಮೆಡಿಟರೇನಿಯನ್ ಪಥ್ಯ ಮಾಡಲೇ ಎಂದೂ ಕೇಳಿದರು. ಆ ಪಥ್ಯವನ್ನೇ ಪರೀಕ್ಷಿಸಿದ ಸ್ಪೇನಿನ ಪ್ರೆಡಿಮೆಡ್ ಅಧ್ಯಯನದಲ್ಲಿ ಒಂದು ಗುಂಪಿಗೆ ದಿನಕ್ಕೆ 30 ಗ್ರಾಂ ಬೀಜಗಳನ್ನು ಕೊಟ್ಟಿದ್ದರು; ಬಾದಾಮಿಯ ಪಾಲು 7.5 ಗ್ರಾಂ, ಆರೇ ಆರು ಎಂದೆ. ಆಕೆ ತಟ್ಟೆಯನ್ನೇ ನೋಡುತ್ತಿದ್ದರು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡಿದ್ದು ಬೇರೆಯದೇ. ಬೆಳಗಿನ ಥೈರಾಯ್ಡ್ ಮಾತ್ರೆಯನ್ನು ನೆನೆಸಿದ ಬಾದಾಮಿಯ ಜೊತೆಗೇ ನುಂಗುತ್ತಿದ್ದರು. ಈ ಮಾತ್ರೆಗೆ ಖಾಲಿ ಹೊಟ್ಟೆ ಬೇಕು. ಜೊತೆಗೆ ನಾರು, ಕ್ಯಾಲ್ಸಿಯಂ ಇದ್ದರೆ ಅದು ಸರಿಯಾಗಿ ರಕ್ತ ಸೇರುವುದಿಲ್ಲ. ಬರೀ ನೀರಿನಲ್ಲಿ ನುಂಗಿ, ಒಂದು ಗಂಟೆ ಬಿಟ್ಟು ಏನನ್ನಾದರೂ ತಿನ್ನಿ, ಎಂಟು ವಾರಗಳ ನಂತರ ವೈದ್ಯರ ಬಳಿ ಥೈರಾಯ್ಡ್ ಹತೋಟಿಯಲ್ಲಿದೆಯೇ ಎಂದು ತಿಳಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಿ ಎಂದೆ.

ಉಳಿದ ಸಲಹೆ ಸಣ್ಣದು. ಪಥ್ಯ ಯಾವುದೇ ಇರಲಿ, ದಿನಕ್ಕೆ ಹದಿನೈದು ಬಾದಾಮಿ, ಎಣಿಸಿ. ಬಾದಾಮಿ ಹಿಟ್ಟು ಬೇಡ, ರಾಗಿ ಸಾಕು. ಪ್ರೋಟೀನಿಗೆ ಬೇಳೆ, ಹುರುಳಿ, ಸೋಯಾ ಹಾಲು. ಬಿ12ಕ್ಕೆ ವೈದ್ಯರು ಬರೆದುಕೊಡುವ ಮಾತ್ರೆ. ಬೀಜವೇ ಬೇಕೆನಿಸಿದ ದಿನ ಬಾದಾಮಿಯ ಬದಲು ಒಂದು ಸಣ್ಣ ಹಿಡಿ ಕಡಲೆಕಾಯಿ ಬೀಜ: ಪ್ರೋಟೀನ್ ಬಾದಾಮಿಗಿಂತ ಕಡಿಮೆಯಿಲ್ಲ, ದುಡ್ಡು ಎಷ್ಟೋ ಕಡಿಮೆ.

ಆರು ವಾರ ಬಿಟ್ಟು ಬಂದಾಗ ತೂಕ 73.4. ಬಾದಾಮಿ ಡಬ್ಬಿ ಎಲ್ಲಿದೆ ಎಂದು ಕೇಳಿದೆ. ಅತ್ತೆಯ ಬೀರುವಿನಲ್ಲಂತೆ. ದಿನಾ ಬೆಳಿಗ್ಗೆ ಹದಿನೈದು ಎಣಿಸಿ ಕೊಡುತ್ತಾರೆ, ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ.