ನಮ್ಮ ಫುಟ್‌ಬಾಲ್ ತಂಡದ ಸುಡಾನ್ ಹುಡುಗನನ್ನು ಜನ ಬಣ್ಣ ಹಿಡಿದು ಗೇಲಿ ಮಾಡ್ತಾರೆ. ರೇಸಿಸಂ ವಿರೋಧಿಸಿ ಮ್ಯಾಚಿಗೆ ಮುಂಚೆ ಎಲ್ಲರೂ ಮಂಡಿಯೂರಿದರೆ ಅದು ನಿಲ್ಲುತ್ತಾ?

ನಿಲ್ಲುವುದಿಲ್ಲ. ನಾನು ಮಾಡಿ ನೋಡಿದ್ದೇನೆ.

ಚಿತ್ರದುರ್ಗದ ಕಾಲೇಜು ತಂಡ ಅಂತ ಬರೆದಿದ್ದೀರಿ. ಅದನ್ನು ದಾವಣಗೆರೆ ಅಂತ ಮಾಡಿ, ಸುಡಾನ್ ಇದ್ದ ಕಡೆ ಯಲ್ಲಾಪುರ ಅಂತ ಹಾಕಿದರೆ ಇದು ನನ್ನದೇ ಕಥೆ. 2022ರ ಮಾರ್ಚ್. ನಾನು ಇಲ್ಲಿನ ಒಂದು ಕಾಲೇಜು ತಂಡದ ಕ್ಯಾಪ್ಟನ್ ಆಗಿದ್ದೆ.

ನಮ್ಮೂರಲ್ಲಿ ಫುಟ್‌ಬಾಲ್ ಆಡುವವರು ಕಡಿಮೆ. ಕ್ರಿಕೆಟಿಗ ವಿನಯ್ ಕುಮಾರ್ ಊರು ಇದು. ಸಂಜೆಯಾದರೆ ಯಾವ ಮೈದಾನಕ್ಕೆ ಹೋದರೂ ಟೆನಿಸ್ ಬಾಲ್ ಕ್ರಿಕೆಟ್. ನಾವು ಒಂದು ಮೂಲೆಯಲ್ಲಿ ಬ್ಯಾಗುಗಳನ್ನೇ ಗೋಲ್ ಪೋಸ್ಟ್ ಮಾಡಿಕೊಂಡು ಆಡುತ್ತಿದ್ದೆವು. ತಂಡದಲ್ಲಿ ನಿಜಕ್ಕೂ ಆಟ ಬರುತ್ತಿದ್ದವನು ಒಬ್ಬನೇ, ನಮ್ಮ ಡಿಫೆಂಡರ್. ಯಲ್ಲಾಪುರದ ಕಡೆಯ ಸಿದ್ದಿ ಹುಡುಗ. ನನಗಿಂತ ಎರಡು ವರ್ಷ ಚಿಕ್ಕವನು, ನನ್ನನ್ನು ಅಣ್ಣ ಅಂತಿದ್ದ.

ಸಿದ್ದಿಗಳ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ಇವರ ಹಿರಿಯರನ್ನು ಪೋರ್ಚುಗೀಸರು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದರು. ತಪ್ಪಿಸಿಕೊಂಡವರು ಉತ್ತರ ಕನ್ನಡದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಕಡೆ ಇದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು. ಅಷ್ಟು ತಲೆಮಾರಿನಿಂದ ಈ ಮಣ್ಣಿನಲ್ಲಿರುವವರು. ಆದರೂ ಬೆಣ್ಣೆ ದೋಸೆ ಹೋಟೆಲಿಗೆ ಹೋದರೆ ಸಪ್ಲೈಯರ್ ಅವನಿಗೆ ಮಾತ್ರ ಬೆರಳು ತೋರಿಸಿ ಎಷ್ಟು ಬೇಕು ಅಂತ ಕೇಳುತ್ತಿದ್ದ. ಅವನು "ಎರಡು ಬೆಣ್ಣೆ, ಒಂದು ಖಾಲಿ, ಚಟ್ನಿ ಸ್ವಲ್ಪ ಜಾಸ್ತಿ ಹಾಕಿ" ಅನ್ನುತ್ತಿದ್ದ. ಅಕ್ಕಪಕ್ಕದ ಟೇಬಲ್‌ನವರು ತಿರುಗಿ ನೋಡುತ್ತಿದ್ದರು. ದಿನಾ ಅದೇ.

ನಾವು ಅವನನ್ನು ಡ್ರೋಗ್ಬಾ ಅಂತ ಕರೆಯುತ್ತಿದ್ದೆವು, ಗೋಲು ಹೊಡೆಯುವುದರಲ್ಲಿ ಹೆಸರಾದ ಆಫ್ರಿಕಾದ ಆಟಗಾರನ ಹೆಸರು. ಪ್ರೀತಿಯಿಂದಲೇ. ಜೆರ್ಸಿ ಮಾಡಿಸಿದಾಗ ನಮ್ಮೆಲ್ಲರ ಬೆನ್ನ ಮೇಲೆ ನಮ್ಮ ನಮ್ಮ ಹೆಸರು, ಅವನ ಬೆನ್ನ ಮೇಲೆ ಡ್ರೋಗ್ಬಾ. ಒಮ್ಮೆ ಮಾತ್ರ ಅವನು ಹೇಳಿದ್ದ, "ಅಣ್ಣಾ, ಡ್ರೋಗ್ಬಾ ಸ್ಟ್ರೈಕರ್. ನಾನು ಡಿಫೆಂಡರ್." ನಾವು ನಕ್ಕು ಸುಮ್ಮನಾದೆವು. ಆ ಮಾತಿನಲ್ಲಿ ಏನಿತ್ತು ಅಂತ ಆಗ ಯೋಚಿಸಲಿಲ್ಲ.

ಮಂಡಿಯೂರುವ ಯೋಚನೆ ನನ್ನದು. 2021ರ ಜುಲೈನಲ್ಲಿ ಯೂರೋಪಿನ ಫುಟ್‌ಬಾಲ್ ಟೂರ್ನಿ ಯೂರೋ ಫೈನಲ್ ನೋಡಲು ರಾತ್ರಿಯೆಲ್ಲ ಎದ್ದಿದ್ದೆ. ಮ್ಯಾಚಿಗೆ ಮುಂಚೆ ಮಂಡಿಯೂರುತ್ತಿದ್ದ ಇಂಗ್ಲೆಂಡ್ ತಂಡ ಪೆನಾಲ್ಟಿಯಲ್ಲಿ ಸೋತಿತು. ಗೋಲು ತಪ್ಪಿಸಿಕೊಂಡ ರಾಶ್‌ಫರ್ಡ್, ಸ್ಯಾಂಚೊ, ಸಾಕಾ ಮೂವರೂ ಕಪ್ಪು ಹುಡುಗರು. ಬೆಳಗಾಗುವುದರೊಳಗೆ ಅವರ ಪೇಜುಗಳ ತುಂಬ ಮಂಗನ ಇಮೋಜಿ. ಮ್ಯಾಂಚೆಸ್ಟರ್‌ನಲ್ಲಿ ಗೋಡೆ ಮೇಲಿದ್ದ ರಾಶ್‌ಫರ್ಡ್ ಚಿತ್ರಕ್ಕೂ ಯಾರೋ ಕೆಟ್ಟದಾಗಿ ಬರೆದರು. ಆಮೇಲೆ ಅಲ್ಲಿನ ಜನರೇ ಬಂದು, ಬರೆದ ಜಾಗವೆಲ್ಲ ಮುಚ್ಚಿಹೋಗುವಷ್ಟು ಪತ್ರ, ಹೂವು ಅಂಟಿಸಿದರು. ಅದನ್ನು ನೋಡಿ ಕಣ್ಣು ತುಂಬಿ ಬಂದಿತ್ತು. ಹತ್ತಿ ಗಿರಣಿಗಳಿದ್ದ ಕಾಲದಿಂದ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಅಂತಾರಲ್ಲ. ನಮ್ಮ ಟೂರ್ನಿಯ ಸೆಮಿಫೈನಲ್ ಹಿಂದಿನ ದಿನ ತಂಡಕ್ಕೆ ಹೇಳಿದೆ, ಆ ಮ್ಯಾಂಚೆಸ್ಟರ್ ಮಾಡಿದ್ದನ್ನು ಈ ಮ್ಯಾಂಚೆಸ್ಟರ್ರೂ ಮಾಡಲಿ, ನಾಳೆ ಎಲ್ಲರೂ ಮಂಡಿಯೂರೋಣ. ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಕೇಳಿದ್ದು ಒಂದೇ. "ನಾನೂ ಕೂರಬೇಕಾ?" ನಾನು ಹೇಳಿದೆ, "ನೀನೇ ನಡುವೆ ಇರ್ಬೇಕು."

ಮಂಡಿಯೂರಿದೆವು. ಹತ್ತು ಸೆಕೆಂಡ್. ಫೋಟೋ ಚೆನ್ನಾಗಿ ಬಂತು.

ಮೊದಲರ್ಧ ಮುಗಿಯಲು ಇನ್ನೇನು ಐದಾರು ನಿಮಿಷ ಇತ್ತು. ನಾವು 1-0 ಮುಂದಿದ್ದೆವು. ಕಾಂಪೌಂಡ್ ಪಕ್ಕ ಮಂಡಕ್ಕಿ ಗಾಡಿ ನಿಲ್ಲುವ ಕಡೆಯಿಂದ ಕೂಗು ಶುರುವಾಯಿತು. ಅವನು ಚೆಂಡು ಮುಟ್ಟಿದಾಗಲೆಲ್ಲ ಹೂ ಹೂ ಹೂ ಅಂತ ಮಂಗನ ಸದ್ದು. ಮಧ್ಯೆ ಮಧ್ಯೆ "ಏ ನೀಗ್ರೋ". ಒಂದು ಕಾರ್ನರ್ ಕಿಕ್ ಹೊತ್ತಿಗೆ ಅವನು ಓಡಿ ಬಂದು ನನ್ನ ತೋಳು ಹಿಡಿದ. "ಅಣ್ಣಾ, ಕೇಳ್ತಾ ಇದ್ಯಾ? ರೆಫ್ರಿಗೆ ಹೇಳು."

ನಾನು ಹೇಳಿದ್ದು ಇದು: "ಏನು? ನನಗೇನೂ ಕೇಳಿಸ್ತಿಲ್ಲ. ಆಡ್ಲೇ ನೀನು."

ಇದೇ ನನ್ನ ತಪ್ಪು. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ನಾಳೆ ಇದೇ ಜಾಗದಲ್ಲಿ ನಿಂತಿರುತ್ತೀರಿ. ನನಗೆ ಕೇಳಿಸಿತ್ತು. ಸ್ಪಷ್ಟವಾಗಿ ಕೇಳಿಸಿತ್ತು. ಅದರಲ್ಲಿ ಎರಡು ದನಿಗಳ ಗುರುತೂ ಸಿಕ್ಕಿತ್ತು. ಇಬ್ಬರೂ ನಮ್ಮದೇ ಕ್ಲಾಸಿನವರು, ನಮ್ಮ ತಂಡಕ್ಕೇ ಜೈ ಅನ್ನಲು ಬಂದವರು. ಅವರಿಗೆ ಅದು ತಮಾಷೆ. ರೆಫ್ರಿ ಭದ್ರಾವತಿಯವರು, ಕಟ್ಟುನಿಟ್ಟಿನ ಮನುಷ್ಯ, ಹೇಳಿದ್ದರೆ ಖಂಡಿತ ಆಟ ನಿಲ್ಲಿಸುತ್ತಿದ್ದರು. ನನಗೆ ಬೇಡವಾಗಿದ್ದೇ ಅದು. ಆಟ ನಿಂತರೆ ನಮ್ಮ ಲಯ ತಪ್ಪುತ್ತದೆ, ನಮ್ಮ ಹುಡುಗರ ಹೆಸರೇ ಹೇಳಬೇಕಾಗುತ್ತದೆ, ಫೈನಲ್ ಕೈ ತಪ್ಪಬಹುದು. ಇಷ್ಟೆಲ್ಲ ಒಂದು ಕಾರ್ನರ್ ಕಿಕ್ ಹೊಡೆಯುವುದರೊಳಗೆ ತಲೆಯಲ್ಲಿ ಓಡಿತು. "ಕೇಳಿಸ್ತಿದೆ, ಆದರೆ ತಡಕೋ" ಅಂದಿದ್ದರೂ ಅದು ಹೇಡಿತನವೇ. ಆದರೆ ಕೇಳಿಸಲೇ ಇಲ್ಲ ಅಂದೆನಲ್ಲ, ಅದು ಇನ್ನೂ ಕೆಟ್ಟದ್ದು. ಅವನಿಗೆ ಆದದ್ದು ಆಗಲೇ ಇಲ್ಲ ಅಂದಂತೆ. ಇಷ್ಟು ಜನರ ನಡುವೆ ಅವನೊಬ್ಬನೇ ಕೇಳಿಸಿಕೊಂಡವನಾದ. ಅರ್ಧ ಗಂಟೆ ಹಿಂದೆ ಅವನ ಹೆಸರಲ್ಲಿ ಮಂಡಿಯೂರಿದ ಕ್ಯಾಪ್ಟನ್ನೇ ಅವನನ್ನು ಸುಳ್ಳುಗಾರ ಮಾಡಿದ.

ಗೆದ್ದೆವು. ಅವನು ಜೆರ್ಸಿ ಬಿಚ್ಚಿ, ಮಡಚಿ, ನನ್ನ ಬ್ಯಾಗಿನ ಮೇಲಿಟ್ಟು ಹೋದ. ಫೈನಲ್‌ಗೆ ಬರಲಿಲ್ಲ. ಎರಡು ವಾರ ಬಿಟ್ಟು ಅವನ ರೂಮಿಗೆ ಹೋದೆ. ಕೂರು ಅಂದ, ಟೀ ಮಾಡಿ ಕೊಟ್ಟ. "ಅವತ್ತು ನಿನಗೆ ಕೇಳಿಸಿತ್ತಾ, ಇಲ್ವಾ? ಅಷ್ಟು ಹೇಳಣ್ಣ" ಅಂದ. ಕೇಳಿಸಿತ್ತು ಅಂದೆ. "ಆಯ್ತು" ಅಂದ. ಆಮೇಲೆ ಅವನು ನಮ್ಮ ಜೊತೆ ಆಡಲಿಲ್ಲ. ಡಿಗ್ರಿ ಮುಗಿಸಿ ಊರಿಗೆ ಹೋದ. ಫೋನ್ ಮಾಡಿದರೆ ಎತ್ತುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಮಂಡಿಯೂರುವುದರಿಂದ ಉಪಯೋಗವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. 2016ರಲ್ಲಿ ಅಮೆರಿಕನ್ ಫುಟ್‌ಬಾಲ್ ಆಟಗಾರ ಕಾಲಿನ್ ಕೆಪರ್ನಿಕ್ ರೇಸಿಸಂ ವಿರೋಧಿಸಿ ರಾಷ್ಟ್ರಗೀತೆಯ ಹೊತ್ತಿಗೆ ಮಂಡಿಯೂರಿದಾಗ ಕೆಲಸವನ್ನೇ ಪಣಕ್ಕಿಟ್ಟಿದ್ದರು. ಆ ಸೀಸನ್ ಮುಗಿದ ಮೇಲೆ ಅವರನ್ನು ಯಾವ ತಂಡವೂ ಸೇರಿಸಿಕೊಳ್ಳಲಿಲ್ಲ. 2020ರ ಮೇನಲ್ಲಿ ಅಮೆರಿಕದ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಅವರನ್ನು ಪೊಲೀಸ್ ಕೊಂದ ಮೇಲೆ, ಜೂನ್‌ನಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ತಂಡಗಳೂ ಮಂಡಿಯೂರಲು ಶುರು ಮಾಡಿದವು. ಯೂರೋದಲ್ಲಿ ಇಂಗ್ಲೆಂಡ್ ಆಟಗಾರರು ಮಂಡಿಯೂರಿದಾಗ ಅವರದೇ ಅಭಿಮಾನಿಗಳಲ್ಲಿ ಕೆಲವರು ಬೂ ಅಂತ ಕೂಗಿದರು. ಅಲ್ಲಿನ ಆಗಿನ ಗೃಹ ಸಚಿವೆ ಪ್ರೀತಿ ಪಟೇಲ್ ಇದು ತೋರಿಕೆಯ ರಾಜಕೀಯ ಅಂದರು. ಫೈನಲ್ ಆದ ಮೇಲೆ ಅವರೇ ನಿಂದನೆಯನ್ನು ಖಂಡಿಸಿದಾಗ ಇಂಗ್ಲೆಂಡ್ ಆಟಗಾರ ಟೈರೋನ್ ಮಿಂಗ್ಸ್ ಬಹಿರಂಗವಾಗಿ ಉತ್ತರ ಕೊಟ್ಟರು, ಮೊದಲು ಬೆಂಕಿಗೆ ಗಾಳಿ ಹಾಕಿ ಈಗ ಬೇಸರ ತೋರಿಸಬೇಡಿ ಅನ್ನುವ ಅರ್ಥದಲ್ಲಿ. ಮಂಡಿಯೂರುವುದಕ್ಕಿಂತ ಆ ಉತ್ತರ ನನಗೆ ದೊಡ್ಡದಾಗಿ ಕಾಣುತ್ತದೆ.

ಪ್ರೀಮಿಯರ್ ಲೀಗ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ತಂಡಕ್ಕೆ ಆಡುತ್ತಿದ್ದ ವಿಲ್ಫ್ರೆಡ್ ಜಾಹಾ 2021ರಲ್ಲೇ ಮಂಡಿಯೂರುವುದನ್ನು ಬಿಟ್ಟರು. ಇದು ಅಭ್ಯಾಸದಂತಾಗಿದೆ, ನಿಂದನೆ ಹಾಗೇ ಇದೆ, ನಾನು ಎದ್ದು ನಿಲ್ಲುತ್ತೇನೆ ಅಂದರು. ಅವರೂ ಕಪ್ಪು ಆಟಗಾರ. ಅದಕ್ಕೇ ಹೇಳುವುದು, ಆ ಹುಡುಗನನ್ನು ಮೊದಲು ಕೇಳಿ. ಗ್ರೂಪಲ್ಲಿ ಅಲ್ಲ. ಒಬ್ಬನೇ ಇದ್ದಾಗ, ಟೀ ಕುಡಿಯುತ್ತಾ. ಬೇಡ ಅನ್ನುವುದಕ್ಕೆ ಅವನಿಗೆ ಜಾಗ ಇರಬೇಕು.

ನಿಮ್ಮ ಒಂದು ಮಾತನ್ನು ಮಾತ್ರ ಒಪ್ಪುವುದಿಲ್ಲ. "ರೇಸಿಸಂ ಬಿಳಿಯರ ದೇಶದ ಸಮಸ್ಯೆ, ನಮ್ಮಲ್ಲಿ ಬರೀ ತಮಾಷೆ" ಅಂತ ಬರೆದಿದ್ದೀರಿ. ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿಯವರನ್ನು ಐಪಿಎಲ್‌ನಲ್ಲಿ "ಕಾಲೂ", ಅಂದರೆ ಕರಿಯ, ಅಂತ ಕರೆಯುತ್ತಿದ್ದರು. ಅದರ ಅರ್ಥ ಅವರಿಗೆ ಗೊತ್ತಾಗಿ, ನೊಂದು ಮಾತಾಡಿದ್ದು 2020ರಲ್ಲಿ. 2021ರ ಅಕ್ಟೋಬರ್‌ನಲ್ಲಿ ದುಬೈನಲ್ಲಿ ನಮ್ಮ ಕ್ರಿಕೆಟ್ ತಂಡವೂ ಪಾಕಿಸ್ತಾನದ ಎದುರು ಮಂಡಿಯೂರಿತು. ಮ್ಯಾಚ್ ಸೋತ ಮೇಲೆ ನಮ್ಮವರೇ ಮೊಹಮ್ಮದ್ ಶಮಿಯ ಧರ್ಮ ಹಿಡಿದು ಬೈದರು. ಕರಿಯ ಅನ್ನುವುದು, ಡ್ರೋಗ್ಬಾ ಅನ್ನುವುದು, ಹೂ ಹೂ ಅನ್ನುವುದು ಬೇರೆ ಬೇರೆ ಅಂತ ನಾನೂ ಅಂದುಕೊಂಡಿದ್ದೆ. ಮೈದಾನದ ಒಳಗೆ ನಾವು ಅವನ ಬಣ್ಣವನ್ನೇ ಹೆಸರು ಮಾಡಿದ್ದೆವು. ಹೊರಗಿನವರು ಅದನ್ನೇ ಮುಂದುವರಿಸಿದರು, ಅಷ್ಟೇ.

ನೀವು ಮಾಡಬೇಕಾದ್ದು ಮ್ಯಾಚಿನ ಹಿಂದಿನ ದಿನವೇ ಇದೆ. ಆಯೋಜಕರು, ರೆಫ್ರಿ ಇಬ್ಬರ ಹತ್ತಿರವೂ ಮಾತಾಡಿ. ಕೂಗು ಬಂದರೆ ಕ್ಯಾಪ್ಟನ್ ಬಂದು ಹೇಳ್ತಾನೆ, ನೀವು ಆಟ ನಿಲ್ಲಿಸಬೇಕು ಅಂತ ಹೇಳಿ. ಇದು ನೀವು ಕೇಳುವ ಉಪಕಾರ ಅಲ್ಲ. 2024ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ತನ್ನ ಎಲ್ಲ 211 ಸದಸ್ಯ ಸಂಸ್ಥೆಗಳಿಗೂ ಇದನ್ನೇ ಹೇಳಿದೆ. ಆಟಗಾರ ಎರಡು ಮಣಿಕಟ್ಟು ಅಡ್ಡಡ್ಡ ಹಿಡಿದು ತೋರಿಸಿದರೆ ರೆಫ್ರಿ ಮೊದಲು ಆಟ ನಿಲ್ಲಿಸಬೇಕು, ಮತ್ತೆ ಆದರೆ ತಂಡಗಳನ್ನು ಹೊರಗೆ ಕಳಿಸಬೇಕು, ಆಗಲೂ ನಿಲ್ಲದಿದ್ದರೆ ಮ್ಯಾಚನ್ನೇ ಮುಗಿಸಬಹುದು. ಮಂಡಿಯೂರುವುದಕ್ಕಿಂತ ಈ ಸನ್ನೆ ನಿಮ್ಮ ತಂಡಕ್ಕೆ ಜಾಸ್ತಿ ಬೇಕು.

ಹೊರಗೆ ನಡೆಯಬೇಕಾದರೆ ಎಲ್ಲರೂ ನಡೆಯುತ್ತೀರಾ ಅಂತ ತಂಡವನ್ನು ಮುಂಚೆಯೇ ಕೇಳಿಡಿ. 2024ರ ಜನವರಿಯಲ್ಲಿ ಇಟಲಿಯ ಉಡಿನೆಯಲ್ಲಿ ಮಿಲಾನ್ ಗೋಲ್‌ಕೀಪರ್ ಮೈಕ್ ಮೆನ್ಯಾನ್ ಮಂಗನ ಕೂಗು ಕೇಳಿ ರೆಫ್ರಿಗೆ ಹೇಳಿ ಹೊರಟರು. ತಂಡದವರೂ ಹಿಂದೆಯೇ ಹೊರಟರು. ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಇನ್ನೊಂದು, ಕೂಗುವವರು ನಿಮ್ಮವರೇ ಆಗಿದ್ದರೂ ತೋರಿಸಿ. 2023ರ ಮೇನಲ್ಲಿ ಸ್ಪೇನಿನ ವೆಲೆನ್ಸಿಯಾದಲ್ಲಿ ರಿಯಲ್ ಮ್ಯಾಡ್ರಿಡ್ ತಂಡದ ಕಪ್ಪು ಆಟಗಾರ ವಿನಿಸಿಯಸ್ ಆಟ ಬಿಟ್ಟು, ಗ್ಯಾಲರಿಯಲ್ಲಿ ಕೂಗಿದವನನ್ನು ಬೆರಳು ಮಾಡಿ ತೋರಿಸಿದರು. ಮುಂದಿನ ವರ್ಷ ಕೂಗಿದ ಮೂವರಿಗೆ ಎಂಟು ತಿಂಗಳ ಶಿಕ್ಷೆಯಾಯಿತು. ನನಗೆ ಇಬ್ಬರ ಗುರುತು ಸಿಕ್ಕಿತ್ತು, ನಾನು ತೋರಿಸಲಿಲ್ಲ.

ಟೀ ಶರ್ಟ್ ಮೇಲೆ ಏನು ಬರೆಸೋಣ ಅಂತ ಕೊನೆಗೆ ಕೇಳಿದ್ದೀರಿ. ಘೋಷಣೆ ಬೇಡ. ಆ ಹುಡುಗನ ಹೆಸರು ಬರೆಸಿ. ಅಕ್ಷರ ಹೇಗೆ ಅಂತ ಅವನ ಹತ್ತಿರವೇ ಕೇಳಿಕೊಂಡು ಬರೆಸಿ. ಮಡಚಿಟ್ಟ ಆ ಡ್ರೋಗ್ಬಾ ಜೆರ್ಸಿ ಇನ್ನೂ ನಮ್ಮ ಮನೆ ಬೀರುವಿನಲ್ಲೇ ಇದೆ.