ಯೂರೋವಿಷನ್ ಅಂಕದ ಲೆಕ್ಕ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯೂರೋಪಿನ ದೇಶಗಳು, ಜೊತೆಗೆ ಆಸ್ಟ್ರೇಲಿಯಾದಂಥ ಹೊರಗಿನ ಕೆಲವು ದೇಶಗಳೂ ಸೇರಿ, ಪ್ರತಿ ವರ್ಷ ಮೇ ತಿಂಗಳಲ್ಲಿ ಟಿವಿಯಲ್ಲಿ ನಡೆಸುವ ಯೂರೋವಿಷನ್ ಹಾಡಿನ ಸ್ಪರ್ಧೆಯ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕದ ಕುರಿತೇ ಇವೆ. ಅಲ್ಲಿಂದಲೇ ಶುರು ಮಾಡೋಣ.

ಪ್ರಶ್ನೆ: 2023ರಲ್ಲಿ ಜನರ ವೋಟಿನಲ್ಲಿ ಫಿನ್‌ಲೆಂಡ್ ಎಲ್ಲರಿಗಿಂತ ಮುಂದಿತ್ತು. ಆದರೂ ಗೆದ್ದದ್ದು ಸ್ವೀಡನ್. ಇದು ಅನ್ಯಾಯವಲ್ಲವೇ? – ಹುಬ್ಬಳ್ಳಿಯ ಓದುಗರು

ಉತ್ತರ: ಅನ್ಯಾಯ ಅನ್ನುವ ಮೊದಲು ಲೆಕ್ಕ ನೋಡಿ. ಪ್ರತಿ ದೇಶವೂ ಎರಡು ಸಲ ಅಂಕ ಕೊಡುತ್ತದೆ. ಒಮ್ಮೆ ಸಂಗೀತ ಬಲ್ಲ ತೀರ್ಪುಗಾರರ ತಂಡ, ಇನ್ನೊಮ್ಮೆ ವೋಟು ಹಾಕಿದ ಜನ. ಎರಡರಲ್ಲೂ ಮೊದಲ ಹತ್ತು ಹಾಡುಗಳಿಗೆ ಮಾತ್ರ ಅಂಕ: 12, 10, ಆಮೇಲೆ 8ರಿಂದ 1ರವರೆಗೆ. ಕೂಡಿಸಿದರೆ 58. ಹೀಗೆ ಒಂದು ದೇಶದ ಕೈಯಲ್ಲಿ ಒಟ್ಟು 116 ಅಂಕ. ಎಂಟು ಕೋಟಿ ಜನರ ಜರ್ಮನಿಗೂ ಅಷ್ಟೇ, ಐದಾರು ಲಕ್ಷ ಜನರ ಮಾಲ್ಟಾಕ್ಕೂ ಅಷ್ಟೇ. 12–10–8ರ ಈ ಕ್ರಮ 1975ರಿಂದ ಇದೆ. ತೀರ್ಪುಗಾರರ ಅಂಕ, ಜನರ ಅಂಕ ಎಂದು ಎರಡನ್ನೂ ಬೇರೆ ಬೇರೆಯಾಗಿ ಕೂಡಿಸುವುದು 2016ರಿಂದ.

2023ರಲ್ಲಿ ಫಿನ್‌ಲೆಂಡಿನ ಕ್ಯಾರಿಯಾಗೆ ಜನರಿಂದ 376, ತೀರ್ಪುಗಾರರಿಂದ 150, ಒಟ್ಟು 526. ಸ್ವೀಡನ್ನಿನ ಲೊರೀನ್‌ಗೆ ಜನರಿಂದ 243, ತೀರ್ಪುಗಾರರಿಂದ 340, ಒಟ್ಟು 583. ಎರಡೂ ಕಡೆ ಗಟ್ಟಿಯಾಗಿದ್ದ ಹಾಡು ಗೆದ್ದಿತು. 2016ರ ಫಲಿತಾಂಶ ಇನ್ನೂ ಸ್ವಾರಸ್ಯಕರ. ತೀರ್ಪುಗಾರರ ಪಟ್ಟಿಯಲ್ಲಿ ಆಸ್ಟ್ರೇಲಿಯಾ ಮೊದಲು (320), ಜನರ ಪಟ್ಟಿಯಲ್ಲಿ ರಷ್ಯಾ ಮೊದಲು (361). ಗೆದ್ದದ್ದು ಮಾತ್ರ ಎರಡರಲ್ಲೂ ಎರಡನೇ ಸ್ಥಾನದಲ್ಲಿದ್ದ ಉಕ್ರೇನ್: 211 ಮತ್ತು 323, ಒಟ್ಟು 534.

ಜನರ ವೋಟಿನೊಳಗೂ ಒಂದು ಸೂಕ್ಷ್ಮ ಇದೆ. ‘ಅ’ ಮತ್ತು ‘ಆ’ ಎಂಬ ಎರಡು ಹಾಡುಗಳಿವೆ ಎಂದಿಟ್ಟುಕೊಳ್ಳಿ. ಮೊದಲ ದೇಶದಲ್ಲಿ ‘ಅ’ಗೆ ಅರ್ಧಕ್ಕರ್ಧ ವೋಟು, ‘ಆ’ಗೆ ಐದರಲ್ಲೊಂದು ಪಾಲು. ಅಂಕ 12 ಮತ್ತು 10. ಎರಡನೇ ದೇಶದಲ್ಲಿ ‘ಅ’ ಕೂದಲೆಳೆಯಷ್ಟು ಮುಂದಿದೆ. ಅಲ್ಲೂ 12 ಮತ್ತು 10. ಮೂರನೇ ದೇಶದಲ್ಲಿ ‘ಆ’ ಮೊದಲು, ‘ಅ’ ಹನ್ನೊಂದನೆಯದು. ಅಲ್ಲಿ ‘ಆ’ಗೆ 12, ‘ಅ’ಗೆ ಸೊನ್ನೆ. ಈಗ ಕೂಡಿಸಿ: ‘ಅ’ಗೆ 24, ‘ಆ’ಗೆ 32. ಮೂರೂ ದೇಶಗಳ ವೋಟುಗಳನ್ನು ಒಂದೇ ರಾಶಿ ಹಾಕಿ ಎಣಿಸಿದ್ದರೆ ‘ಅ’ ಸುಲಭವಾಗಿ ಗೆಲ್ಲುತ್ತಿತ್ತೋ ಏನೋ. ಆದರೆ ಇಲ್ಲಿ ರಾಶಿ ಎಣಿಸುವುದಿಲ್ಲ, ಪ್ರತಿ ದೇಶದ ಸ್ಥಾನ ಎಣಿಸುತ್ತಾರೆ. ಒಂದು ಕಡೆ ಹುಚ್ಚು ಅಭಿಮಾನ ಗಳಿಸಿದ ಹಾಡಿಗಿಂತ ಎಲ್ಲ ಕಡೆ ಮೆಚ್ಚುಗೆ ಗಳಿಸಿದ ಹಾಡು ಮೇಲೆ ಬರುತ್ತದೆ. ಹತ್ತಾರು ದೇಶಗಳು ಕೂಡುವ ಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ಲೆಕ್ಕ ನಮಗಂತೂ ಕಾಣದು.

ಪ್ರಶ್ನೆ: ತೀರ್ಪುಗಾರರು ನಾವು ನೋಡುವ ಕಾರ್ಯಕ್ರಮವನ್ನೇ ನೋಡಿ ಅಂಕ ಕೊಡುತ್ತಾರೆಯೇ? – ಮೈಸೂರಿನ ಓದುಗರು

ಉತ್ತರ: ಇಲ್ಲ. ಬಹಳ ಮಂದಿಗೆ ಇದು ಗೊತ್ತಿಲ್ಲ. ಶನಿವಾರದ ಫೈನಲ್‌ಗೆ ಹಿಂದಿನ ರಾತ್ರಿ, ವೇಷಭೂಷಣ, ದೀಪ, ಕ್ಯಾಮೆರಾ ಎಲ್ಲದರ ಜೊತೆ ಪೂರ್ತಿ ತಾಲೀಮು ನಡೆಯುತ್ತದೆ. ತೀರ್ಪುಗಾರರ ಅಂಕ ಆ ತಾಲೀಮಿಗೆ. ಶುಕ್ರವಾರ ಗಂಟಲು ಕೈಕೊಟ್ಟ ಗಾಯಕಿ ಶನಿವಾರ ಎಷ್ಟೇ ಚೆನ್ನಾಗಿ ಹಾಡಲಿ, ಒಟ್ಟು ಅಂಕದ ಅರ್ಧ ಪಾಲಿನ ಹಣೆಬರಹ ಆಗಲೇ ಬರೆದಾಗಿರುತ್ತದೆ. ‘ಇಷ್ಟು ಚೆನ್ನಾಗಿ ಹಾಡಿದರೂ ತೀರ್ಪುಗಾರರು ಯಾಕೆ ಕೈಬಿಟ್ಟರು’ ಎಂಬ ಪ್ರಶ್ನೆಗೆ ಕೆಲವೊಮ್ಮೆ ಉತ್ತರ ಇಲ್ಲಿರುತ್ತದೆ.

ಪ್ರತಿ ತೀರ್ಪುಗಾರ ತನ್ನ ದೇಶದ್ದನ್ನು ಬಿಟ್ಟು ಎಲ್ಲ ಹಾಡುಗಳನ್ನೂ ಮೊದಲಿನಿಂದ ಕೊನೆಯವರೆಗೆ ಸ್ಥಾನಕ್ಕೆ ತಕ್ಕಂತೆ ಜೋಡಿಸಬೇಕು. ಒಬ್ಬರು ಬೇಕೆಂದೇ ಒಂದು ಹಾಡನ್ನು ತಳಕ್ಕೆ ತಳ್ಳಿ ಹಾಳುಮಾಡದಂತೆ 2018ರಿಂದ ಮೇಲಿನ ಸ್ಥಾನಗಳಿಗೆ ಹೆಚ್ಚು ತೂಕ ಕೊಟ್ಟಿದ್ದಾರೆ. ತಂಡದಲ್ಲಿ ಐದು ಜನ ಇರುತ್ತಿದ್ದರು. 2026ರ ನಿಯಮದಲ್ಲಿ ಅದನ್ನು ಏಳಕ್ಕೆ ಏರಿಸಿದ್ದಾರೆ.

ಎಡವಟ್ಟೂ ಆಗಿದೆ. 2019ರಲ್ಲಿ ಬೆಲಾರುಸ್‌ನ ತೀರ್ಪುಗಾರರು ಸೆಮಿಫೈನಲ್‌ನಲ್ಲಿ ತಾವು ಕೊಟ್ಟ ಅಂಕವನ್ನು ಹೊರಗೆ ಹೇಳಿಬಿಟ್ಟರು. ಅವರನ್ನು ಕೈಬಿಟ್ಟು, ಬೇರೆ ಕೆಲವು ದೇಶಗಳ ಅಂಕಗಳಿಂದ ಬೆಲಾರುಸ್‌ನ ಪಟ್ಟಿಯನ್ನು ಲೆಕ್ಕ ಹಾಕಿ ತಯಾರಿಸಿದರು. ಆ ಪಟ್ಟಿ ತಲೆಕೆಳಗಾಗಿ ಹೋಯಿತು: ತಳದಲ್ಲಿರಬೇಕಿದ್ದ ಇಸ್ರೇಲಿಗೆ ನೇರ ಪ್ರಸಾರದಲ್ಲಿ 12 ಅಂಕ ಬಂತು. ಆಮೇಲೆ ತಿದ್ದಿದರು. ಗೆದ್ದ ದೇಶ ಬದಲಾಗಲಿಲ್ಲ, ಆದರೆ ತೀರ್ಪುಗಾರರ ಪಟ್ಟಿಯ ಮೊದಲ ಸ್ಥಾನ ಸ್ವೀಡನ್ನಿನಿಂದ ಉತ್ತರ ಮ್ಯಾಸಿಡೋನಿಯಾಕ್ಕೆ ಹೋಯಿತು.

ಪ್ರಶ್ನೆ: ವೇದಿಕೆಯ ಮೇಲಿನ ಗಿಟಾರಿಗೆ ವೈರೇ ಇರುವುದಿಲ್ಲ. ಹಾಡುವುದೂ ಸುಳ್ಳೇ? – ಶಿವಮೊಗ್ಗದ ಓದುಗರು

ಉತ್ತರ: ವಾದ್ಯದ ಸದ್ದು ಪೂರ್ತಿ ಮೊದಲೇ ಮುದ್ರಿಸಿದ್ದು, ಮುಖ್ಯ ದನಿ ಮಾತ್ರ ಅಲ್ಲೇ ಹಾಡಿದ್ದು. 1998ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ನಡೆದದ್ದೇ ವಾದ್ಯವೃಂದ ಇದ್ದ ಕೊನೆಯ ಸ್ಪರ್ಧೆ. ಹಿನ್ನೆಲೆಯ ಕೋರಸ್ಸನ್ನೂ ಮುದ್ರಿಸಿ ತರಲು 2021ರಿಂದ ಅವಕಾಶ ಕೊಟ್ಟರು. ಇದು ನಮಗೆ ಸರಿಬಂದಿಲ್ಲ. ಪಕ್ಕದಲ್ಲಿ ಐದು ಗಂಟಲು ಕೂಡಿ ಹಾಡುವಾಗ ಬರುವ ಉಸಿರು ಮುದ್ರಿತ ಕೋರಸ್ಸಿನಲ್ಲಿ ಬರುವುದಿಲ್ಲ.

ಆದರೆ ವಾದ್ಯಗಳನ್ನು ಕೈಬಿಟ್ಟದ್ದಕ್ಕೆ ಕಾರಣ ಗಟ್ಟಿಯಾಗಿದೆ. ಎರಡು ಹಾಡುಗಳ ನಡುವೆ ಒಂದು ಪುಟ್ಟ ಪರಿಚಯದ ಚಿತ್ರ ಬರುತ್ತದಲ್ಲ, ಅದು ಓಡುವುದು ಒಂದು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲೇ ಹಿಂದಿನ ಹಾಡಿನ ಮೆಟ್ಟಿಲು, ಪರದೆ, ಚಕ್ರದ ಮೇಲಿನ ವೇದಿಕೆ ಎಲ್ಲ ಹೊರಗೆ ಹೋಗಬೇಕು, ನೆಲ ಗುಡಿಸಬೇಕು, ಹೊಸ ಸಾಮಾನು ಗುರುತು ಹಾಕಿದ ಜಾಗಕ್ಕೆ ಬರಬೇಕು, ಗಾಯಕರ ಕಿವಿಯಲ್ಲಿ ಇಯರ್‌ಪೀಸ್ ಕೆಲಸ ಮಾಡುತ್ತಿದೆಯೇ ನೋಡಬೇಕು. ಇದರ ಮಧ್ಯೆ ಡ್ರಮ್ಸಿಗೆ ಮೈಕು ಕಟ್ಟಿ ಸದ್ದು ಹೊಂದಿಸಲು ಪುರುಸೊತ್ತೆಲ್ಲಿ? ಹಾಡಿನ ಮುದ್ರಿತ ಟ್ರ್ಯಾಕ್ ಜೊತೆಗೇ ಟೈಮ್‌ಕೋಡ್, ಅಂದರೆ ಹಾಡು ಯಾವ ಕ್ಷಣದಲ್ಲಿದೆ ಎಂದು ಯಂತ್ರಗಳಿಗೆ ಹೇಳುವ ಸಂಕೇತ, ಓಡುತ್ತದೆ. ದೀಪ, ಬೆಂಕಿ, ಹಿಂದಿನ ಪರದೆಯ ಚಿತ್ರ ಎಲ್ಲ ಅದನ್ನು ಹಿಡಿದು ನಡೆಯುತ್ತವೆ. ಯಾವ ಸಾಲಿಗೆ ಯಾವ ಕ್ಯಾಮೆರಾ ಎಂಬುದೂ ಮೊದಲೇ ಬರೆದಿಟ್ಟದ್ದು. ಅದಕ್ಕೇ ಗಾಯಕ ಎರಡು ಹೆಜ್ಜೆ ತಪ್ಪಿ ನಿಂತರೂ ಸಾಕು, ಕ್ಯಾಮೆರಾ ಖಾಲಿ ಜಾಗ ತೋರಿಸುತ್ತದೆ.

ಹಾಡು ಮೂರು ನಿಮಿಷ ದಾಟುವಂತಿಲ್ಲ. ವೇದಿಕೆಯ ಮೇಲೆ ಆರು ಜನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರಾಣಿಗಳನ್ನು ತರುವಂತಿಲ್ಲ. ಹಾಡುವವರಿಗೆ ಕನಿಷ್ಠ 16 ವರ್ಷ ಆಗಿರಬೇಕು.

ಪ್ರಶ್ನೆ: ಭಾರತದಿಂದ ನೋಡುವುದು, ವೋಟು ಹಾಕುವುದು ಹೇಗೆ? – ಬೆಂಗಳೂರಿನ ಓದುಗರು

ಉತ್ತರ: ಸ್ಪರ್ಧೆಯ ಅಧಿಕೃತ ಯೂಟ್ಯೂಬ್ ವಾಹಿನಿಯಲ್ಲಿ ನೇರ ಪ್ರಸಾರ ಇರುತ್ತದೆ. ಮಂಗಳವಾರ ಮತ್ತು ಗುರುವಾರ ಸೆಮಿಫೈನಲ್, ಶನಿವಾರ ಫೈನಲ್. ಅಲ್ಲಿನ ರಾತ್ರಿ 9 ಗಂಟೆ ನಮಗೆ ನಡುರಾತ್ರಿ ಕಳೆದು 12.30. ಅಂದರೆ ಫೈನಲ್ ನಮ್ಮ ಕ್ಯಾಲೆಂಡರಿನಲ್ಲಿ ಭಾನುವಾರ. ಮುಗಿಯುವ ಹೊತ್ತಿಗೆ ಬೆಳಗಿನ ಜಾವ ನಾಲ್ಕು ದಾಟಿರುತ್ತದೆ.

ಸ್ಪರ್ಧೆಯಲ್ಲಿಲ್ಲದ ದೇಶಗಳವರಿಗೆ 2023ರಿಂದ ವೋಟು ಇದೆ. ಅಧಿಕೃತ ಜಾಲತಾಣದಲ್ಲಿ ಕಾರ್ಡಿನಿಂದ ಹಣ ಕಟ್ಟಿ ಹಾಕಬೇಕು. ಒಂದು ವೋಟಿಗೆ ಸುಮಾರು ಒಂದು ಯೂರೋ. ಬ್ಯಾಂಕಿನ ಆ್ಯಪಿನಲ್ಲಿ ಅಂತರರಾಷ್ಟ್ರೀಯ ಪಾವತಿಯನ್ನು ಮೊದಲೇ ಆನ್ ಮಾಡಿಟ್ಟುಕೊಳ್ಳಿ. ಇಲ್ಲದಿದ್ದರೆ ಹಣ ಹೋಗುವುದಿಲ್ಲ, ಅಷ್ಟರಲ್ಲಿ ಸಮಯವೂ ಮುಗಿದಿರುತ್ತದೆ. ನಮ್ಮ ವೋಟು, ಅಮೆರಿಕದವರ ವೋಟು, ಬ್ರೆಜಿಲ್‌ನವರ ವೋಟು ಎಲ್ಲ ಸೇರಿ ‘ಉಳಿದ ಜಗತ್ತು’ ಎಂಬ ಒಂದೇ ದೇಶದ ಲೆಕ್ಕ, ಅದಕ್ಕೂ 58 ಅಂಕ. ಮ್ಯೂನಿಕ್‌ನಲ್ಲಿರುವ ಕನ್ನಡಿಗರು ಅಲ್ಲಿನ ಸಿಮ್‌ನಿಂದ ಹಾಕಿದ ವೋಟು ಜರ್ಮನಿಯದಾಗುತ್ತದೆ, ಅದನ್ನು ಜರ್ಮನಿಯ ಹಾಡಿಗೆ ಕೊಡಲಾಗದು. ಬೆಂಗಳೂರಿನಿಂದ ಯಾವ ಹಾಡಿಗೂ ಕೊಡಬಹುದು.

ಪ್ರಶ್ನೆ: ಎಲ್ಲರೂ ಇಂಗ್ಲಿಷಿನಲ್ಲೇ ಹಾಡುವುದೇಕೆ? – ಧಾರವಾಡದ ಓದುಗರು

ಉತ್ತರ: 1966ರಿಂದ 1972ರವರೆಗೆ, ಮತ್ತೆ 1977ರಿಂದ 1998ರವರೆಗೆ ಸ್ವಂತ ದೇಶದ ಭಾಷೆಯಲ್ಲೇ ಹಾಡಬೇಕಿತ್ತು. ನಡುವೆ ನಿಯಮ ಸಡಿಲವಾಗಿದ್ದಾಗ, 1974ರಲ್ಲಿ, ಸ್ವೀಡನ್ನಿನ ಅಬ್ಬಾ ತಂಡ ಇಂಗ್ಲಿಷಿನಲ್ಲಿ ಹಾಡಿ ಗೆದ್ದಿತು. 1999ರಿಂದ ಯಾವ ಭಾಷೆಯೂ ಆಗಬಹುದು. ಆದರೂ 2007ರಲ್ಲಿ ಸರ್ಬಿಯನ್, 2017ರಲ್ಲಿ ಪೋರ್ಚುಗೀಸ್, 2021ರಲ್ಲಿ ಇಟಾಲಿಯನ್, 2022ರಲ್ಲಿ ಉಕ್ರೇನಿಯನ್ ಹಾಡು ಗೆದ್ದಿವೆ. 2017ರ ಪೋರ್ಚುಗೀಸ್ ಹಾಡಿಗೆ ಬಂದದ್ದು 758 ಅಂಕ, ಈಗಿನ ಲೆಕ್ಕದಲ್ಲಿ ಅದನ್ನು ಯಾರೂ ಮುಟ್ಟಿಲ್ಲ. ತಾಯ್ನುಡಿಯಲ್ಲಿ ಹಾಡಿದರೆ ವೋಟು ಬರುವುದಿಲ್ಲ ಎನ್ನುವವರಿಗೆ ಈ ಒಂದು ಅಂಕಿ ತೋರಿಸಿ.

ಪ್ರಶ್ನೆ: ಇಬ್ಬರಿಗೆ ಸಮಾನ ಅಂಕ ಬಂದರೆ? – ಮಂಗಳೂರಿನ ಓದುಗರು

ಉತ್ತರ: 1969ರಲ್ಲಿ ಸ್ಪೇನ್, ಬ್ರಿಟನ್, ನೆದರ್‌ಲೆಂಡ್ಸ್, ಫ್ರಾನ್ಸ್ ನಾಲ್ಕಕ್ಕೂ 18 ಅಂಕ ಬಂತು. ಬಿಡಿಸಲು ನಿಯಮವೇ ಇರಲಿಲ್ಲ, ನಾಲ್ಕೂ ಗೆದ್ದವೆಂದು ಸಾರಬೇಕಾಯಿತು. 1991ರಲ್ಲಿ ಸ್ವೀಡನ್, ಫ್ರಾನ್ಸ್ ಎರಡಕ್ಕೂ 146 ಬಂದಾಗ ನಿಯಮ ಇತ್ತು. 12 ಅಂಕ ಬಂದ ಸಲಗಳೂ ಸಮವಾಗಿದ್ದರಿಂದ 10 ಅಂಕಗಳನ್ನು ಎಣಿಸಿ ಸ್ವೀಡನ್ನಿಗೆ ಕೊಟ್ಟರು. ಈಗ ಮೊದಲು ನೋಡುವುದು ಜನರಿಂದ ಯಾರಿಗೆ ಹೆಚ್ಚು ಅಂಕ ಎಂದು. ಅದೂ ಸಮವಾದರೆ ಎಷ್ಟು ದೇಶಗಳ ಜನ ಅಂಕ ಕೊಟ್ಟಿದ್ದಾರೆ ಎಂದು, ಆಮೇಲೆ ಜನರ 12, 10 ಹೀಗೆ ಇಳಿಯುತ್ತ ಎಣಿಸುತ್ತಾರೆ. ಎಲ್ಲೂ ಬಗೆಹರಿಯದಿದ್ದರೆ ಅಂದು ಮೊದಲು ಹಾಡಿದವರಿಗೆ ಗೆಲುವು.